ಒಂದು ಕಾಸೂ ತಿನ್ನದ ಮನುಷ್ಯ

ಅವರ ಸಂತಾಪ ಸಭೆಯಲ್ಲಿ ಮೈಕು ಹಿಡಿದವರೆಲ್ಲ ಒಂದೇ ಮಾತು ಹೇಳಿದರು: ಒಂದು ಕಾಸೂ ತಿನ್ನದ ಮನುಷ್ಯ. ಕೆಲವರು ತಮಿಳಿನಲ್ಲಿ ಹೇಳಿದರು, ಕೆಲವರು ನಮ್ಮ ಮನೆಮಾತಾದ ಕನ್ನಡದಲ್ಲಿ ಹೇಳಿದರು. ನನ್ನನ್ನು ಕರೆದಾಗ ನಾನೂ ಅದನ್ನೇ ಹೇಳಿ ಕೂತೆ. ಅದು ನಿಜ. ನಿಜವಾದ್ದರಿಂದಲೇ ಆ ಮನುಷ್ಯನನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಹೆಸರು ಬೇಡ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಗ್ಗದ ಮಾಲೀಕರ ಸಂಘ, ಗುಡಿಯ ಕಮಿಟಿ, ಸುಡುಗಾಡಿನ ಕಮಿಟಿ, ಎಲ್ಲಕ್ಕೂ ಅವರೇ ಸೆಕ್ರೆಟರಿ. ಮನೆಯಲ್ಲಿ ಹೆಂಡತಿ ಕೂಡ "ಸೆಕ್ರೆಟ್ರೀ, ಊಟಕ್ಕೆ ಬನ್ನೀಂಗ" ಎಂದೇ ಕೂಗುತ್ತಿದ್ದರು.

ನಮ್ಮದು ಕೊಯಮತ್ತೂರು ಕಡೆ, ಸೋಮನೂರಿನ ಆಚೆಯ ಒಂದು ಮಗ್ಗದ ಊರು. ಪವರ್‌ಲೂಮುಗಳ ಸದ್ದು ನಿಂತರೆ ಮಕ್ಕಳು ನಿದ್ದೆಯಿಂದ ಎದ್ದು ಅಳುವಂಥ ಊರು. ನಾನು ಅಲ್ಲಿನ ಸರ್ಕಾರಿ ಉಪಕೇಂದ್ರದ ನರ್ಸು. ತರಬೇತಿ ಹಾಸ್ಟೆಲಿನಲ್ಲಿ ಒಬ್ಬ ಗಟ್ಟಿ ಮೇಟ್ರನ್ ಕೈಕೆಳಗೆ ಕಲಿತವಳು. ಹಾಸಿಗೆಯ ಮೂಲೆ ಮಡಚುವುದಕ್ಕೂ ಒಂದು ಕ್ರಮ, ಬಾಗಿಲು ತೆಗೆಯುವುದಕ್ಕೂ ಒಂದು ಕ್ರಮ. ಆ ಕ್ರಮವನ್ನು ಊರಿನ ಮೇಲೂ ಹೇರಿದೆ. ಬೀದಿಯಲ್ಲಿ ಎಲೆಅಡಿಕೆ ಉಗುಳಿದವರನ್ನು ನಿಲ್ಲಿಸಿ, ಅವರ ಕೈಯಿಂದಲೇ ಅದರ ಮೇಲೆ ಮಣ್ಣು ಹಾಕಿಸುತ್ತಿದ್ದೆ. ನನ್ನನ್ನು ದೂರದಿಂದ ಕಂಡರೆ ಗಂಡಸರು ಬಾಯಿ ಮುಚ್ಚಿಕೊಂಡು ನುಂಗಿಬಿಡುತ್ತಿದ್ದರು.

ಕನ್ನಡ ಅಕ್ಷರ ಕಲಿತದ್ದು ಕೊಳ್ಳೇಗಾಲದ ಅಜ್ಜಿ ಮನೆಯಲ್ಲಿ. ನಮ್ಮ ಬೀದಿಯಲ್ಲಿ ಕನ್ನಡ ಆಡದವರಿಲ್ಲ, ಓದಬಲ್ಲವರು ಕಡಿಮೆ. ಆದ್ದರಿಂದ ಇದನ್ನು ಸೆಕ್ರೆಟರಿಯವರ ಮನೆಯವರು ಓದಲಾರರು. ಓದಿದರೂ ಹೊಗಳಿಕೆ ಎಂದೇ ತಿಳಿದಾರು.

ಮೊದಮೊದಲು ನನಗೆ ಅವರ ಮೇಲೆ ಗೌರವವಿತ್ತು. ಯಾರೂ ಹೇಳದೆಯೇ ಕೈ ತೊಳೆಯುವ ಗಂಡಸು ಆ ಊರಿನಲ್ಲಿ ಅವರೊಬ್ಬರೇ. ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ತಗಡಿನ ಡಬ್ಬಿ, ಅದರೊಳಗೆ ಒಂದು ತುಂಡು ಕೆಂಪು ಸೋಪು. ಸಂಘದ ದುಡ್ಡು ಮುಟ್ಟಿದರೆ ಎದ್ದು ಹೋಗಿ ಕೈ ತೊಳೆದು ಬರುವರು. ಬೆರಳ ಸಂದು, ಉಗುರ ಬುಡ, ಮಣಿಕಟ್ಟಿನವರೆಗೆ. ನಮ್ಮ ಮೇಟ್ರನ್ ನೋಡಿದ್ದರೆ ಮೆಚ್ಚುತ್ತಿದ್ದರು. ಒರೆಸಿಕೊಳ್ಳುತ್ತ "ಕೈ ಸುದ್ದ ಇರ್ಬೇಕು ನರ್ಸಕ್ಕಾ, ಅದು ಒಂದು ಇದ್ರೆ ಪೋದುಂ, ಸಾಕು" ಎನ್ನುವರು.

ಕಮಿಟಿಯ ಸಭೆಗೆ ಚಹಾ ತರಿಸಿದರೆ ಖರ್ಚು ಕಮಿಟಿಯದ್ದು ಎಂದು, ತಮ್ಮ ಪಾಲಿನ ಕಾಫಿಯನ್ನು ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತಿದ್ದರು. ನಮ್ಮೆದುರೇ ಮುಚ್ಚಳಕ್ಕೆ ಬಗ್ಗಿಸಿಕೊಂಡು ಕುಡಿಯುವರು, ಯಾರಿಗೂ ಕೊಡುತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್ ಅವರ ಸ್ವಂತ ಅಳಿಯ. ಅವನು ಮಾವನೆಂದು ಟಿಕೆಟ್ ಕೊಡದೆ ಮುಂದೆ ಹೋದಾಗ, ಬಸ್ಸು ತುಂಬಿದ ಜನರ ಮುಂದೆ ಅವನ ಚೀಲ ಹಿಡಿದು ಜಗ್ಗಿ ಟಿಕೆಟ್ ಹರಿಸಿಕೊಂಡರಂತೆ. ಮೂರು ತಿಂಗಳು ಮಗಳು ತವರಿಗೆ ಬರಲಿಲ್ಲ. ಊರು ಇದನ್ನು ಕಥೆಯಂತೆ ಹೇಳಿಕೊಂಡು ಹೆಮ್ಮೆಪಡುತ್ತಿತ್ತು.

ಇನ್ನು ಹಳ್ಳದ ವಿಷಯಕ್ಕೆ ಬರುತ್ತೇನೆ.

ನಮ್ಮ ಊರಿನ ಕೆಳಬೀದಿಯ ಬೆನ್ನಿಗೆ ಒಂದು ಹಳ್ಳವಿತ್ತು. ಆ ಕಡೆಯ ತಮಿಳಿನಲ್ಲಿ ಅದು 'ಪಳ್ಳಂ'. ವರ್ಷದ ಹೆಚ್ಚು ಭಾಗ ಒಣಗಿ, ಸೀಮೆಜಾಲಿ ಬೆಳೆದು, ಮಗ್ಗದ ಕಸ ತುಂಬಿ, ಆಡುಗಳು ಮೇಯುವ ಜಾಗ. ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಜಡಿಮಳೆಯಲ್ಲಿ ಮಾತ್ರ ಅದಕ್ಕೆ ತಾನು ಯಾರೆಂಬುದು ನೆನಪಾಗುತ್ತಿತ್ತು. ಎಂಬತ್ತರ ದಶಕದ ಮೊದಲಿಗೆ ಒಂದು ಮಳೆಗೆ ನೀರು ದಡ ಮೀರಿ ಕೆಳಬೀದಿಯ ಅಂಗಳಗಳಿಗೆ ಬಂತು. ಮೊಣಕಾಲಿನಷ್ಟು ನಿಂತು ಮರುದಿನ ಇಳಿಯಿತು.

ಆ ಅಂಗಳಗಳಲ್ಲಿ ಒಂದು ಚೌಡಕ್ಕನದು. ಗಂಡಹೆಂಡಿರು ಕೂಲಿ ನೇಯ್ದು ನೇಯ್ದು ಕೊನೆಗೆ ಮನೆಯ ಹಿಂದೆ ಶೆಡ್ಡು ಕಟ್ಟಿ ಎರಡು ಸ್ವಂತ ಪವರ್‌ಲೂಮು ಹಾಕಿದ್ದರು. ಚೌಡಕ್ಕನ ಬಾಯಲ್ಲಿ ಎಲೆಅಡಿಕೆ ಇಲ್ಲದ ಹೊತ್ತಿಲ್ಲ, ತಮಾಷೆ ಇಲ್ಲದ ಮಾತಿಲ್ಲ. ನನ್ನಿಂದ ಅತಿ ಹೆಚ್ಚು ಬೈಸಿಕೊಂಡವಳೂ ಅವಳೇ. ಒಮ್ಮೆ ನನ್ನೆದುರೇ ಮಣ್ಣು ಮುಚ್ಚುತ್ತ, "ನರ್ಸಕ್ಕಾ, ನೀವು ಬಂದ್ಮೇಲೆ ನಮ್ಮ ಬೀದಿ ಎರಡಡಿ ಎತ್ರ ಆಗದೆ" ಎಂದಿದ್ದಳು. ಆ ಮಳೆಯಲ್ಲಿ ನೀರು ಅವಳ ಶೆಡ್ಡಿನ ಹೊಸ್ತಿಲ ತನಕ ಬಂದು ನಿಂತಿತ್ತು. ಇನ್ನೊಂದು ಗೇಣು ಏರಿದ್ದರೆ ಮೋಟಾರು ಮುಳುಗುತ್ತಿತ್ತು.

ಆಮೇಲೆ ಸರ್ಕಾರದಿಂದ ಸುತ್ತೋಲೆ ಬಂತು. ಎಲ್ಲಿ ನೀರು ನುಗ್ಗುತ್ತದೆ, ಯಾಕೆ ನುಗ್ಗುತ್ತದೆ, ಮುಂದೆ ನುಗ್ಗದ ಹಾಗೆ ಏನು ಮಾಡಬೇಕು ಎಂಬುದನ್ನು ಆಯಾ ಊರಿನವರೇ ಕೂತು ಯೋಜನೆ ಮಾಡಿ ಕಳಿಸಬೇಕು, ಒಪ್ಪಿಗೆಯಾದರೆ ಸರ್ಕಾರ ಹಣ ಕೊಡುತ್ತದೆ. ನನಗೆ ಬಹಳ ಸಂತೋಷವಾಯಿತು. ರೋಗ ಬಂದ ಮೇಲೆ ಓಡಾಡುವ ಸರ್ಕಾರ, ಬರುವ ಮೊದಲೇ ಲಸಿಕೆ ಹಾಕಲು ಹೊರಟಿತ್ತು. 'ವೆಳ್ಳ ತಡುಪ್ಪು', ಎಂದರೆ ನೆರೆ ತಡೆ, ಎಂದು ಒಂದು ಕಮಿಟಿಯಾಯಿತು. ಸೆಕ್ರೆಟರಿ ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಆರೋಗ್ಯ ಇಲಾಖೆಯ ಕಡೆಯಿಂದ ನಾನೂ ಇದ್ದೆ.

ಗುಡಿಯ ಮಂಟಪದಲ್ಲಿ ಸಭೆ. ಚೌಡಕ್ಕ ಎದ್ದು ನಿಂತು ಹೇಳಿದ್ದು ಇಷ್ಟೇ: "ಮುಳ್ಳು ತೆಗೀಬೇಕು. ಕಸ ತೋಡ್ಬೇಕು. ರೋಡಿನ ಕೆಳ್ಗೆ ಇರೋ ಪೈಪು ಸಣ್ಣದು, ದೊಡ್ಡದು ಹಾಕ್ಬೇಕು. ಬೇರೆ ಏನೂ ವೇಂಡ." ಎಲ್ಲರೂ ಹೂಂ ಎಂದರು. ಸೆಕ್ರೆಟರಿಯವರೂ ತಲೆಯಾಡಿಸಿ, "ಸರೀಂಗ. ಒಟ್ಟಲ್ಲಿ ಹಳ್ಳನ ಸರಿ ಮಾಡ್ಬೇಕು" ಎಂದರು.

ಅವರಿಗೆ ತಮ್ಮ ತಮಿಳಿನ ಬಗ್ಗೆ ಹೆಮ್ಮೆಯಿತ್ತು. ಮುಳ್ಳು, ಕಸ, ಪೈಪು ಇವೆಲ್ಲ ಸರ್ಕಾರಕ್ಕೆ ಬರೆಯುವ ಮಾತುಗಳಲ್ಲ ಎಂದು ಅವರ ಅಭಿಪ್ರಾಯ. ಅವುಗಳನ್ನೆಲ್ಲ ಕೈಬಿಟ್ಟು, ಪಳ್ಳವನ್ನು ಸರಿ ಮಾಡಿ ಕೆಳಬೀದಿಯ ಜನರನ್ನು ಕಾಪಾಡಬೇಕೆಂದು ದುಂಡಗಿನ ಅಕ್ಷರದಲ್ಲಿ, ಸೊಗಸಾಗಿ ಬರೆದು ಕಳಿಸಿದರು.

ಪೊಂಗಲ್ ಕಳೆದ ಮೇಲೆ ಜೀಪಿನಲ್ಲಿ ಎಂಜಿನಿಯರ್ ಬಂದರು. ತಂಜಾವೂರಿನ ಕಡೆಯ ಮನುಷ್ಯ. ಅವರ ಕಡೆ ನೀರು ಹರಿದರೆ ಅದು ನದಿ, ಇಲ್ಲವೇ ಕಾಲುವೆ. 'ಪಳ್ಳಂ' ಎಂದರೆ ಅವರಿಗೆ ಗುಂಡಿ, ತಗ್ಗು, ಅಷ್ಟೇ. ಕನ್ನಡದಲ್ಲಿ ರಸ್ತೆಯ ಹಳ್ಳ ಎನ್ನುವುದಿಲ್ಲವೇ, ಹಾಗೆ. ಜೀಪಿನಿಂದ ಇಳಿಯದೆ, ಕೈ ಹೊರಚಾಚಿ, "ಇದು ತಾನೇ ಪಳ್ಳಂ?" ಎಂದು ಕೇಳಿದರು.

"ಆಮಾಂಗ ಸಾರ್" ಎಂದರು ಸೆಕ್ರೆಟರಿ.

"ಇಷ್ಟು ಉದ್ದವಾ?"

"ಆಮಾಂಗ ಸಾರ್. ಇನ್ನೂ ಉದ್ದ ಇದೆ. ಸರ್ಕಾರ ಪಾತ್ತು ಏನಾದ್ರೂ ಮಾಡ್ಬೇಕು."

ಎಂಜಿನಿಯರ್ ಮುಳ್ಳುಕಂಟಿಯನ್ನೂ ಆಡುಗಳನ್ನೂ ನೋಡಿದರು. ಹನಿ ನೀರಿಲ್ಲ. ಮಾಡಿಕೊಡೋಣ ಎಂದು ತಲೆಯಾಡಿಸಿ ಹೊರಟರು.

ಫೆಬ್ರವರಿ ಕೊನೆಗೆ ಮಂಜೂರಾತಿ ಬಂತು. ಕೆಳಬೀದಿಯ ಹಿಂದಿನ ಪಳ್ಳವನ್ನು ಕೆಮ್ಮಣ್ಣು ಮತ್ತು ಮಿಲ್ಲಿನ ಬಾಯ್ಲರ್ ಕಿಟ್ಟದಿಂದ ಮುಚ್ಚಿ, ರೋಲರ್ ಹೊಡೆದು, ಸಮತಟ್ಟು ಮಾಡತಕ್ಕದ್ದು.

ಸೆಕ್ರೆಟರಿಯವರೇ ಅದನ್ನು ಮಂಟಪದಲ್ಲಿ ಗಟ್ಟಿಯಾಗಿ ಓದಿದರು. ಮೊದಲು ನಕ್ಕವಳು ಚೌಡಕ್ಕ.

"ಏನಣ್ಣಾ ಇದು? ಹಲ್ಲು ನೋವು ಅಂದ್ರೆ ಬಾಯೇ ಹೊಲಿದುಬಿಡೋದಾ?"

ಎಲ್ಲರೂ ನಕ್ಕರು. ಸೆಕ್ರೆಟರಿ ನಗಲಿಲ್ಲ. ನಾನು ಎದ್ದು, ಅವರು ಪಳ್ಳಂ ಎಂದರೆ ಗುಂಡಿ ಎಂದು ತಿಳಿದಿದ್ದಾರೆ, ನಾಳೆಯೇ ಕೊಯಮತ್ತೂರಿಗೆ ಹೋಗಿ ಕಲೆಕ್ಟರ್ ಆಫೀಸಿನಲ್ಲಿ ಹೇಳಿ ತಿದ್ದಿಸೋಣ, ನಾನೂ ಬರುತ್ತೇನೆ ಎಂದೆ.

"ನರ್ಸಕ್ಕಾ, ತಿದ್ದಿಸೋಕೆ ಓದ್ರೆ ಮಾರ್ಚಿ ಮುಗೀತದೆ. ಮಾರ್ಚಿ ಮುಗಿದ್ರೆ ದುಡ್ಡು ಮೆಡ್ರಾಸಿಗೆ ತಿರುಗಿ ಓತದೆ. ಬಂದ ಲಕ್ಷ್ಮೀನ ಯಾರಾದ್ರೂ ತಿರುಪ್ಪಿ ಕಳಿಸ್ತಾರಾ?"

"ಹಾಗಾದರೆ ಅದೇ ದುಡ್ಡಿನಲ್ಲಿ ತೋಡಿಸಿ."

ಅವರು ಕೆನ್ನೆಗೆ ಹೊಡೆಸಿಕೊಂಡವರಂತೆ ನನ್ನನ್ನು ನೋಡಿದರು. "ಮುಚ್ಚೋಕೆ ಕೊಟ್ಟ ದುಡ್ಡಲ್ಲಿ ತೋಡೋದಾ? ಅದು ಮೋಸ ತಾನೇ? ನಾಳೆ ಆಡಿಟ್ ಬಂದ್ರೆ ನನ್ನ ಕೈ ಏನಾಗ್ಬೇಕು? ಇಷ್ಟು ವರ್ಷ ಈ ಕೈ ಮೇಲೆ ಒಂದು ಸೊಟ್ಟು ಕಲೆ ಇಲ್ಲ." ಎರಡೂ ಅಂಗೈಗಳನ್ನು ಎತ್ತಿ ಸಭೆಗೆ ತೋರಿಸಿದರು. ಅವು ನಿಜಕ್ಕೂ ಸ್ವಚ್ಛವಾಗಿದ್ದವು.

ಚೌಡಕ್ಕ ಈಗ ನಗುತ್ತಿರಲಿಲ್ಲ. "ಅಣ್ಣಾ, ಹಳ್ಳನ ಮುಚ್ಚಿದ್ರೆ ನೀರು ಎಲ್ಲಿಗೆ ಓಗ್ಬೇಕು? ನಮ್ಮನೇಗಾ?"

"ತಂಗೀ, ನೀನೇ ಯೋಚ್ನೆ ಮಾಡು. ಪಳ್ಳದಿಂದ ತಾನೇ ನಿನ್ನ ಮನೇಗೆ ನೀರು ಬಂದದ್ದು? ಪಳ್ಳವೇ ಇಲ್ಲಾಂದ್ರೆ ನೀರು ಎಂಗೆ ಬತ್ತದೆ?"

ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ನಾನು ಮುಖ ನೋಡಿದೆ.

ಮೇಲುಬೀದಿಯವರಿಗೆ ಅಷ್ಟರಲ್ಲಿ ಬೇರೊಂದು ಆಸೆ ಹುಟ್ಟಿತ್ತು. ಅವರಲ್ಲಿ ಇನ್ನೂ ಕೈಮಗ್ಗ ಇಟ್ಟುಕೊಂಡವರಿದ್ದರು. ಹಾಸಿನ ನೂಲಿಗೆ ಗಂಜಿ ಹಾಕಿ ಉದ್ದಕ್ಕೆ ಎಳೆದು ಕಟ್ಟಲು ನೆಟ್ಟಗಿನ ಬಯಲು ಬೇಕು. 'ಪಾವಡಿ' ಎನ್ನುತ್ತಾರೆ. ಊರು ಬೆಳೆದು ಇದ್ದ ಪಾವಡಿ ಹೋಗಿತ್ತು. ಹಳ್ಳ ಮುಚ್ಚಿದರೆ ಉದ್ದನೆಯ, ನುಣುಪಾದ ಪಾವಡಿ ಪುಕ್ಕಟೆ. ಒಬ್ಬರ ಹಿಂದೆ ಒಬ್ಬರು "ಸೆಕ್ರೆಟ್ರಿ ಸೊನ್ನದು ಸರಿ", ಅವರು ಹೇಳಿದ್ದೇ ಸರಿ, ಎಂದರು. ಕೈ ಎತ್ತಿಸಿದರು. ಕೆಳಬೀದಿಯ ಕೈಗಳು ಯಾವತ್ತೂ ಕಡಿಮೆ.

ಆ ಕೆಲಸವನ್ನು ಅವರು ಮಾಡಿಸಿದ ರೀತಿ ನೋಡಬೇಕಿತ್ತು. ಮಗ ಕಿಟ್ಟದ ಕಂಟ್ರಾಕ್ಟು ಕೇಳಿದ್ದಕ್ಕೆ ಅವನನ್ನು ಮನೆಯಿಂದ ಹೊರಗೆ ನಿಲ್ಲಿಸಿ, ಕರುಮತ್ತಂಪಟ್ಟಿಯ ಯಾರೋ ಅಪರಿಚಿತನಿಗೆ ಕೊಟ್ಟರು. ಅವನು ಕೆಲಸ ಸಿಕ್ಕಿದ ಖುಷಿಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದರೆ, ಗೊನೆಯನ್ನು ಅವನ ಲಾರಿಯ ಮೇಲೆಯೇ ಹೇರಿ ವಾಪಸ್ ಕಳಿಸಿದರು. ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತು ಒಂದೊಂದು ಲಾರಿಯನ್ನೂ ಏಣಿ ಹತ್ತಿ ನೋಡುವರು. ತುಂಬಿಲ್ಲದಿದ್ದರೆ ತಿರುಗಿಸಿ ಕಳಿಸುವರು.

ಒಂದು ದಿನ ನಾನು ಮಕ್ಕಳ ಲಸಿಕೆಯ ಪೆಟ್ಟಿಗೆ ಹಿಡಿದು ಆ ದಾರಿಯಲ್ಲಿ ಬಂದಾಗ ಕಂಟ್ರಾಕ್ಟರ್ ಅವರ ಹಿಂದೆಮುಂದೆ ಓಡಾಡುತ್ತಿದ್ದ.

"ಸಾರ್, ಪೈಪ್ ಹತ್ತಿರ ಮಾತ್ರ ತುಂಬದೆ ವಿಟ್ಟುಡಲಾಂ ಸಾರ್. ಅಲ್ಲಿ ಯಾರ್ ನೋಡೋಕೆ ಪೋರಾಂಗ? ಮೇಲೆ ಮೇಲೆ ಮಣ್ಣು ಉದುರಿಸ್ತೀನಿ. ಮಿಚ್ಚ ಆದ ದುಡ್ಡನ್ನ ನಾವಿಬ್ಬರೂ..."

ಸೆಕ್ರೆಟರಿ ಕೊಡೆ ಮಡಚಿ ಅದರ ತುದಿಯಿಂದ ಅವನ ಹೊಟ್ಟೆಗೆ ಚುಚ್ಚಿದರು. "ಕಳ್ಳ ನನ್ಮಗನೇ. ಪೈಪ್ ಬಾಯಿ ತನಕ ತುಂಬು. ನಾನು ನಿಂತು ಪಾಕ್ಕತೀನಿ."

ಪೈಪಿನ ಬಾಯಿಯ ತನಕ ತುಂಬಿಸಿದರು. ನಿಂತು ನೋಡಿದರು. ರೋಲರ್ ಹೊಡೆಸಿದರು. ಅಲ್ಲೇ ಒಂದು ಬೋರ್ಡು ನೆಡಿಸಿದರು: ವೆಳ್ಳ ತಡುಪ್ಪು ಯೋಜನೆ. ಉಳಿದ ಚಿಲ್ಲರೆ ಹಣವನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ಮೇಲಿನವರು ಬೆರಗಾಗಿ, ಉಳಿಕೆ ಹಣ ತಿರುಗಿ ಬಂದದ್ದು ಈ ಊರಿನಿಂದ ಮಾತ್ರ ಎಂದು ಹಾರ ಹಾಕಿದರು. ಮೇಲುಬೀದಿಯವರು ಹೊಸ ಪಾವಡಿಯಲ್ಲಿ ಬಿಳಿ, ಕೆಂಪು ಹಾಸು ಎಳೆದು ಕಟ್ಟಿದರು. ನೋಡಲು ಚಂದವಾಗಿತ್ತು. ನನಗೆ ಮಾತ್ರ ಆ ನೆಲ, ಒಳಗೆ ಕೀವಿಟ್ಟುಕೊಂಡು ಮೇಲೆ ಹೊಲಿದ ಗಾಯದ ಹಾಗೆ ಕಾಣುತ್ತಿತ್ತು.

ಚೌಡಕ್ಕನ ಗಂಡ ಶೆಡ್ಡಿನ ಹೊಸ್ತಿಲಿಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ. ಅವರ ಕೈಲಿ ಆಗುವುದು ಅಷ್ಟೇ.

ಆ ವರ್ಷದ ಐಪ್ಪಸಿ ಸುಮ್ಮನೆ ಹೋಯಿತು. "ನೋಡಿದ್ರಾ ನರ್ಸಕ್ಕಾ?" ಎಂದರು ಸೆಕ್ರೆಟರಿ. ಮರುವರ್ಷದ ಐಪ್ಪಸಿ ಸುಮ್ಮನೆ ಹೋಗಲಿಲ್ಲ. ಮೇಲಿನ ಕೆರೆಗಳು ಕೋಡಿ ಬಿದ್ದು ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂತು. ಬೆಳಗಿನ ಹೊತ್ತು, ನಾನು ಉಪಕೇಂದ್ರದ ಬಾಗಿಲು ತೆಗೆಯುತ್ತಿದ್ದೆ. ಮೊದಲು ಮಗ್ಗದ ಸದ್ದು ನಿಂತಿತು. ಆಮೇಲೆ ಜನರ ಕೂಗು.

ನೀರಿಗೆ ದಾರಿ ಕಾಣಲಿಲ್ಲ. ಗಟ್ಟಿಯಾದ ನೆಲಕ್ಕೆ ಬಂದು ತಲೆ ಹೊಡೆದು, ಪಕ್ಕಕ್ಕೆ ತಿರುಗಿ, ಕೆಳಬೀದಿಯನ್ನೇ ಹಳ್ಳ ಮಾಡಿಕೊಂಡಿತು. ಚೌಡಕ್ಕ ಅತ್ತೆಯನ್ನು ಎತ್ತಿ ಮಗ್ಗದ ಚೌಕಟ್ಟಿನ ಮೇಲೆ ಕೂರಿಸಿ, ತಾನು ಎದೆಮಟ್ಟದ ನೀರಿನಲ್ಲಿ ಆಕೆಯ ಕಾಲು ಹಿಡಿದು ನಿಂತಿದ್ದಳು. ಮನೆಯ ಮಣ್ಣುಗೋಡೆಗಳು ಒಂದೊಂದಾಗಿ ಕೂತುಬಿಟ್ಟವು. ಹಗ್ಗ ಕಟ್ಟಿ ಎಲ್ಲರನ್ನೂ ತಂದೆವು. ಜೀವ ಹೋಗಲಿಲ್ಲ. ಮೋಟಾರುಗಳು ಸುಟ್ಟವು, ಸುತ್ತಿಟ್ಟ ಹಾಸೆಲ್ಲ ಕೆಸರು ಕುಡಿದು ಕೊಳೆಯಿತು, ಕಕ್ಕಸುಗಳ ಹೊಲಸು ಬಾವಿಗಳಿಗೆ ಇಳಿಯಿತು. ಕುಡಿಯುವ ನೀರನ್ನು ಕುದಿಸದೆ ಯಾರೂ ಬಾಯಿಗೆ ಹಾಕಬಾರದೆಂದು ನಾನು ಮನೆಮನೆಗೆ ಹೇಳಿ, ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಿದ್ದೆ.

ಮೂರನೆಯ ದಿನ ಸೆಕ್ರೆಟರಿಯವರು ಬಂದರು. ಪಂಚೆ ಎತ್ತಿ ಕಟ್ಟಿ, ಕೆಳಬೀದಿಯಲ್ಲಿ ಯಾರ ಕಡೆಗೂ ನೋಡದೆ, ನೇರ ಮುಚ್ಚಿದ ಹಳ್ಳದ ಕಡೆ ನಡೆದರು. ಉದ್ದಕ್ಕೂ ನಡೆದರು. ಬಗ್ಗಿ ಒಂದೆರಡು ಕಡೆ ಕೈಯಿಂದ ಒತ್ತಿ ನೋಡಿದರು. ತಿರುಗಿ ಬಂದಾಗ ಅವರ ಮುಖ ಅರಳಿತ್ತು.

"ನರ್ಸಕ್ಕಾ, ಬಂದು ಪಾರುಂಗ. ಇಷ್ಟು ವೆಳ್ಳ ಬಂದು ಓದ್ರೂ ನಮ್ಮ ಕೆಲ್ಸದಲ್ಲಿ ಒಂದು ಹಿಡಿ ಮಣ್ಣು ಕರಗಿಲ್ಲ!"

ನನ್ನ ವೃತ್ತಿಯಲ್ಲಿ ನಾನು ಕೊಳೆತ ಗಾಯ ನೋಡಿದ್ದೇನೆ, ಹುಳುಬಿದ್ದ ಹುಣ್ಣು ತೊಳೆದಿದ್ದೇನೆ. ಮುಖ ತಿರುಗಿಸಿದ್ದು ಅವತ್ತು ಒಂದೇ ದಿನ.

ಚೌಡಕ್ಕ ಬಿದ್ದ ಗೋಡೆಯ ಮುಂದೆ ಮೂರು ಕಲ್ಲು ಇಟ್ಟು, ಅತ್ತೆಗೆ ಕುಡಿಯಲು ಒಂದು ಪಾತ್ರೆ ನೀರು ಕುದಿಸಿ ಆರಲು ಇಟ್ಟಿದ್ದಳು. ಒಣ ಸೌದೆ ಸಿಗದೆ ಮುರಿದ ಮಗ್ಗದ ಮರವನ್ನು ಉರಿಸಿದ್ದಳು. ಸೆಕ್ರೆಟರಿ ಕೆಸರಾದ ಬೆರಳುಗಳನ್ನು ಅಗಲಿಸಿ ಹಿಡಿದು ಅಲ್ಲಿಗೆ ಬಂದರು. ಜೇಬಿನಿಂದ ಡಬ್ಬಿ ತೆಗೆದರು.

"ತಂಗೀ, ಆ ನೀರು ಒಂದು ಚೊಂಬು ಉಯ್ಯಿ. ಕೈ ತೊಳೀಬೇಕು."

ನಾನು ಬಾಯಿ ತೆಗೆಯುವ ಮೊದಲೇ ಚೌಡಕ್ಕ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು.

"ಯಾಕಣ್ಣಾ? ನಿಮ್ಮ ಕೈ ಯಾವತ್ತೂ ಸುದ್ದ ತಾನೇ."

ಅವರು ಒಂದು ಕ್ಷಣ ಕೈ ನೋಡಿಕೊಂಡರು. ಆ ಮಾತು ಅವರೊಳಗೆ ಎಲ್ಲೋ ತಾಕೀತು ಎಂದು ನಾನು ಕಾದೆ. ತಾಕಿತು. ಆದರೆ ಬೇರೆ ಕಡೆ. ಅವರಿಗೆ ಸಂತೋಷವಾಯಿತು. "ಆಮಾ, ಅದೂ ಸರಿ" ಎಂದು ಡಬ್ಬಿ ಜೇಬಿಗೆ ಹಾಕಿಕೊಂಡು, ಕೆಸರನ್ನು ಕೊಡೆಗೆ ಒರೆಸುತ್ತ ಹೋದರು.

ಅವರು ಮರೆಯಾದ ಮೇಲೆ ಚೌಡಕ್ಕ ಹೇಳಿದಳು: "ನರ್ಸಕ್ಕಾ, ಆ ಲಾರಿಯವ ಕಳ್ಳತನ ಮಾಡ್ತೀನಿ ಅಂದ್ನಂತಲ್ಲ. ಪಾವಂ, ಅವನೊಬ್ಬನೇ ನಮ್ಮನ್ನ ಕಾಪಾಡೋಕೆ ಬಂದವನು."

ಅದು ಅವಳು ಆ ಊರಿನಲ್ಲಿ ಮಾಡಿದ ಕೊನೆಯ ತಮಾಷೆ. ತಿಂಗಳೊಳಗೆ ಮುರಿದ ಮಗ್ಗಗಳನ್ನು ಹಳೆಯ ಕಬ್ಬಿಣದವನಿಗೆ ಹಾಕಿ, ಅತ್ತೆಯನ್ನೂ ಗಂಡನನ್ನೂ ಕರೆದುಕೊಂಡು ತಿರುಪ್ಪೂರಿಗೆ ಹೋದಳು. ಅಲ್ಲಿ ಬನಿಯನ್ ಕಂಪನಿಯಲ್ಲಿ ನೂಲು ಕತ್ತರಿಸಿ ಬನಿಯನ್ ಮಡಿಸುವ ಕೂಲಿ. ಸ್ವಂತ ಮಗ್ಗಕ್ಕೆ ತಾನೇ ಎಣ್ಣೆ ಬಿಡುತ್ತಿದ್ದ ಹೆಂಗಸು.

ಸೆಕ್ರೆಟರಿಯವರು ಇನ್ನೊಂದು ಯೋಜನೆ ಬರೆದರು. ಈ ಸಲ ಪೇಪರಿನಲ್ಲಿ ನೆರೆಯ ಸುದ್ದಿ ಬಂದಿದ್ದರಿಂದ ಮಂಜೂರಾತಿ ಬೇಗ ಬಂತು: ಮುಚ್ಚಿದ ಭಾಗವನ್ನು ಅಗೆದು, ಕಾಲುವೆ ಮಾಡಿ, ರಸ್ತೆಗೆ ಅಗಲವಾದ ಮೋರಿ ಕಟ್ಟತಕ್ಕದ್ದು. ಅದೇ ಕಿಟ್ಟವನ್ನು ಅದೇ ಕೊಡೆ ಹಿಡಿದು ನಿಂತು ತೆಗೆಸಿದರು. ಅದರಲ್ಲೂ ಕಾಸು ಉಳಿಸಿ ಹಿಂದಿರುಗಿಸಿದರು. ಇನ್ನೊಂದು ಹಾರ ಬಂತು. ಕಾಲುವೆಯ ಗೆರೆಯೂ ಮೋರಿಯ ಒಂದು ಬದಿಯೂ ಚೌಡಕ್ಕನ ಮನೆ ನಿಂತಿದ್ದ ಜಾಗದ ಮೇಲೆ ಬಂದವು. ಅಲ್ಲಿ ಈಗ ಯಾರೂ ಇರಲಿಲ್ಲವಲ್ಲ, ಅಡ್ಡಿಯಾಗಲಿಲ್ಲ.

ನಾನು ಒಂದು ಸಲ ಮುಖಾಮುಖಿ ಕೇಳಿದೆ, ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರಾದ್ರೂ ಏನಾದ್ರೂ ಸೊನ್ನಾರಾ? ಲೆಕ್ಕ ತೋರಿಸ್ತೀನಿ ಬನ್ನೀಂಗ" ಎಂದರು. ಹಾಸ್ಟೆಲಿನಲ್ಲಿ ಮೊದಲ ವಾರವೇ ನಮಗೆ ಕಲಿಸಿದ ಪಾಠ ನೆನಪಾಯಿತು. ಕೈ ತೊಳೆಯುವುದು ನಿಮಗಾಗಿ ಎಂದುಕೊಳ್ಳಬೇಡಿ ಹುಡುಗಿಯರೇ, ಆ ಕೈಗೆ ಮೈಯೊಪ್ಪಿಸುವ ರೋಗಿಗಾಗಿ ಎನ್ನುತ್ತಿದ್ದರು ಮೇಟ್ರನ್. ಸೆಕ್ರೆಟರಿಯವರಿಗೆ ಯಾವ ಮೇಟ್ರನ್ನೂ ಸಿಕ್ಕಿರಲಿಲ್ಲ.

ಆ ದಶಕ ಮುಗಿಯುವ ಮೊದಲೇ ಅವರು ಎದೆನೋವಿನಿಂದ ಹೋದರು. ಸಂತಾಪ ಸಭೆಗೆ ತಿರುಪ್ಪೂರಿನಿಂದ ಚೌಡಕ್ಕನೂ ಬಂದಿದ್ದಳು. ಕೂದಲು ನೆರೆತಿತ್ತು, ಬಾಯಲ್ಲಿ ಎಲೆಅಡಿಕೆ ಹಾಗೇ ಇತ್ತು. ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಭಾಷಣ ಕೇಳಿದಳು. ಹೊಸ ಮೋರಿಗೆ ಅವರ ಹೆಸರು ಇಡಬೇಕೆಂದು ಯಾರೋ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಅವಳನ್ನು ಬಸ್ಸಿಗೆ ಬಿಡಲು ಹೊರಟೆ. ದಾರಿ ಆ ಮೋರಿಯ ಮೇಲೆಯೇ. ಹಿಂದಿನ ದಿನ ಮಳೆಯಾಗಿತ್ತು. ನೀರು ಗಲಾಟೆಯಿಲ್ಲದೆ, ಮೊದಲ ಸಭೆಯಲ್ಲಿ ಅವಳು ಹೇಳಿದ್ದ ಹಾಗೆಯೇ, ದೊಡ್ಡ ಬಾಯಿಯೊಳಗೆ ಹರಿದುಹೋಗುತ್ತಿತ್ತು. ಅವಳು ಗೋಡೆಗೆ ಕೈಯೂರಿ ನಿಂತಳು.

"ನಮ್ಮ ಅಡುಗೆಮನೆ ಇಲ್ಲಿತ್ತು ತಾನೇ?"

"ಇನ್ನೂ ಸ್ವಲ್ಪ ಆಚೆ."

"ಆಮಾ. ಇದು ಮಗ್ಗದ ಶೆಡ್ಡು." ಸ್ವಲ್ಪ ಹೊತ್ತು ನೋಡಿದಳು. "ನೀವೂ ಮೈಕಲ್ಲಿ ಅದನ್ನೇ ಸೊನ್ನೀರಲ್ಲಾ, ಒಂದು ಕಾಸೂ ತಿನ್ಲಿಲ್ಲ ಅಂತ. ಬೈದ್ರಾ, ಹೊಗಳಿದ್ರಾ?"

"ಬೈದೆ."

"ಯಾರಿಗೂ ತಿಳೀಲಿಲ್ಲ."

"ನಿನಗೆ ತಿಳೀತಲ್ಲ."

ಅವಳು ಮುಂದಕ್ಕೆ ಬಗ್ಗಿ, ಬಾಯಿ ತುಂಬ ಇದ್ದ ಕೆಂಪನ್ನೆಲ್ಲ ಸೇರಿಸಿಕೊಂಡು, ಮೋರಿಯ ಮೇಲೆ ಉಗುಳಿದಳು. ಉಗುಳಿ, ಹಳೆಯ ಅಭ್ಯಾಸದಿಂದ, ಬೈಗುಳಕ್ಕಾಗಿ ಕಾಯುತ್ತ ನನ್ನ ಕಡೆ ತಿರುಗಿದಳು.

ನಾನು ಬಸ್ಸು ಬಂತೇ ಎಂದು ರಸ್ತೆಯ ಕಡೆ ನೋಡಿದೆ.